ಒಳಗಿನ ನಂಬರ್ ಕೇಳುತ್ತಿದ್ದವರು

ಸಿಡ್ನಿಯ ಪ್ಯಾರಮಟ್ಟಾದ ಪೇಟೆ ಬೀದಿಯಲ್ಲಿ ಒಂದು ಶನಿವಾರ ಬೆಳಿಗ್ಗೆ ಅವರು ನನ್ನ ಮಾನ ಕಳೆದರು. ನಾನು, ನನ್ನ ಗಂಡ ಮತ್ತು ಮೆಲ್ಬರ್ನ್‌ನಿಂದ ಬಂದಿದ್ದ ಅವರು ತರಕಾರಿ ಕೊಂಡು ಸ್ಟೇಷನ್ ಕಡೆ ನಡೆದಿದ್ದೆವು. ಬ್ಯಾಂಕಿನ ಬಾಗಿಲಿಂದ ಇಬ್ಬರು ಸೆಕ್ಯೂರಿಟಿ ಗಾರ್ಡ್‌ಗಳು ದುಡ್ಡಿನ ಚೀಲ ಹಿಡಿದು ವ್ಯಾನಿನತ್ತ ಹೊರಟಿದ್ದರು. ಅಂಥವರನ್ನು ಕಂಡರೆ ಬುದ್ಧಿಯಿರುವವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇವರು ಕೊತ್ತಂಬರಿ ಕಟ್ಟನ್ನು ನನ್ನ ಕೈಗೆ ತುರುಕಿ ಸೀದಾ ಹೋಗಿ ಅವರ ದಾರಿಗೆ ಅಡ್ಡ ನಿಂತರು.

"ಎಕ್ಸ್‌ಕ್ಯೂಸ್ ಮಿ. ನೀವು ತೊಟ್ಟಿರೋ ಜಾಕೆಟ್ಟಿನ ಒಳಗೆ, ಎಡ ಕಂಕುಳ ಹತ್ತಿರ, ಒಂದು ನಂಬರ್ ಇರುತ್ತೆ. ಅದು ಎಷ್ಟು?"

ಇಂಗ್ಲಿಷಿನಲ್ಲೇ ಕೇಳಿದರು. ಕೇಳಿದ್ದು ಸಾಲದೆಂದು ತಮ್ಮ ಎಡಗೈ ಎತ್ತಿ ಜಾಗವನ್ನೂ ತೋರಿಸಿದರು. ಒಬ್ಬ ಗಾರ್ಡ್‌ನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ನನ್ನ ಗಂಡ ಎರಡೂ ಕೈ ಮೇಲೆತ್ತಿ, "ನೋ ವರೀಸ್ ಮೇಟ್, ನಾನೂ ಇದೇ ಕೆಲಸ ಮಾಡಿದವನು, ಇವರು ನಮ್ಮವರು" ಎಂದು ಕೂಗುತ್ತಾ ಓಡಿದ. ಸುತ್ತಲಿನ ಜನ ನಿಂತು ನೋಡಿದರು. ನಾನು ಕೊತ್ತಂಬರಿ ಹಿಡಿದುಕೊಂಡು ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ಬೇರೆ ಕಡೆ ಮುಖ ಮಾಡಿದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಹೋದ ತಿಂಗಳು ಅವರು ತೀರಿಕೊಂಡರು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನನ್ನ ನಾಲಗೆ ಅಷ್ಟು ಒಳ್ಳೆಯದಲ್ಲ. ಇಷ್ಟು ವರ್ಷಗಳ ಪರಿಚಯದಲ್ಲಿ ಅವರು ನನಗೆ ಒಂದೇ ಒಂದು ಸುಳ್ಳು ಹೇಳಿದರು, ಅದೂ ನಾನು ಪೀಡಿಸಿದ್ದಕ್ಕೆ. ಅವರ ಬಗ್ಗೆ ಹೇಳುವುದೆಂದರೆ ಆ ಸುಳ್ಳಿನ ಬಗ್ಗೆ ಹೇಳುವುದು. ಹೆಸರು ಬರೆಯುವುದಿಲ್ಲ. ಕಾಗದದ ಕೆಳಗೆ ತಮ್ಮ ಹೆಸರು ಕಂಡರೆ ಕೊನೆಕೊನೆಗೆ ಅವರಿಗೇ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೆಲ್ಬರ್ನ್‌ನ ಕ್ಲೇಟನ್‌ಗೆ ಬಂದಿಳಿದೆವು. ಗಂಡ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ, ನಾನು ಟೈಪಿಂಗ್ ಕಲಿತಿದ್ದೆ. ರೈಲು ಹಳಿಯ ಆಚೆ ತಗಡಿನ ಶೆಡ್‌ಗಳ ಸಾಲಿನಲ್ಲಿ ಬಟ್ಟೆ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್ ಇತ್ತು. ಪರದೆ, ಕಾರ್ಪೆಟ್, ಬೆಂಕಿ ಆರಿಸುವವರ ಕೋಟು, ಹೀಗೆ ಏನಾದರೂ ಬರುತ್ತಿತ್ತು. ಬುಲೆಟ್ ಪ್ರೂಫ್ ಜಾಕೆಟ್‌ಗಳೂ ಬರುತ್ತಿದ್ದವು. ಆ ಜಾಕೆಟ್ ಎಂದರೆ ಕಬ್ಬಿಣದ ಕವಚ ಅಂದುಕೊಂಡಿದ್ದೆ. ಒಳಗೆ ನೋಡಿದರೆ ಬರೀ ಬಟ್ಟೆ: ಅರಿಶಿನ ಬಣ್ಣದ ನೂಲಿನ ನೇಯ್ಗೆ, ಒಂದರ ಮೇಲೊಂದು ಇಪ್ಪತ್ತು ಪದರ. ಇವರು ಅದರ ಪರೀಕ್ಷಕರು, ನಾನು ಇವರ ಟೈಪಿಸ್ಟ್. ಮೊದಲ ದಿನ ನನ್ನ ಹೆಸರು ಕೇಳುವ ಮೊದಲೇ ನನ್ನ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, "ಗಂಜಿ ಜಾಸ್ತಿ ಐತೆ. ಎರಡು ಒಗೆತಕ್ಕೆ ಜಾಳಾಗತೈತೆ ನೋಡು ತಂಗಿ" ಎಂದರು. ಮದುವೆಯ ಸೀರೆ ಅದು. ಎರಡು ಒಗೆತಕ್ಕೆ ಜಾಳಾಯಿತು.

ಅವರು ದಾವಣಗೆರೆಯ ಕಡೆಯವರು. ಮೂವತ್ತೈದರವರೆಗೆ ಹತ್ತಿ ಗಿರಣಿಯಲ್ಲಿ ಬಟ್ಟೆಯ ಗುಣ ನೋಡುವ ಕೆಲಸ ಮಾಡಿ ಇಲ್ಲಿಗೆ ಬಂದಿದ್ದರು. ಲ್ಯಾಬಿನಲ್ಲಿ ಅವರು ಕೂತದ್ದನ್ನು ನಾನು ಕಂಡೇ ಇಲ್ಲ. ರಿಪೋರ್ಟ್ ಹೇಳಿ ಬರೆಸುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದರು. ಚಹಾ ಆರಿ ಕೆನೆಗಟ್ಟುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಅವರ ಪರದೆಯನ್ನು ಮುಟ್ಟುತ್ತಿದ್ದರು. ಗಣೇಶನ ಹಬ್ಬಕ್ಕೆ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಎಲ್ಲರೂ ದೇವರಿಗೆ ಕೈ ಮುಗಿಯುತ್ತಿದ್ದರೆ ಇವರು ಪೀಠಕ್ಕೆ ಹಾಸಿದ ರೇಷ್ಮೆ ವಸ್ತ್ರದ ಅಂಚಿನಿಂದ ಒಂದು ಎಳೆ ಕಿತ್ತು ಹಲ್ಲಿಗೆ ಸಿಕ್ಕಿಸಿ ನೋಡುತ್ತಿದ್ದರು. ಹೆಂಡತಿ ಬೈದರೆ, "ನಕಲಿ ಕಣೇ ಇದು, ದೇವ್ರಿಗೂ ಗೊತ್ತಿರಲಿ" ಎನ್ನುತ್ತಿದ್ದರು.

ಅವರ ಕೆಲಸ ಹೀಗಿತ್ತು. ಜಾಕೆಟ್ಟನ್ನು ದೊಡ್ಡ ಜೇಡಿ ಉಂಡೆಯ ಮೇಲೆ ಬಿಗಿದು ಕಟ್ಟಿ, ಊರಾಚೆ ರೇಂಜ್‌ನಲ್ಲಿ ಗುಂಡು ಹಾರಿಸುವುದು. ಗುಂಡು ತೂರಿತೋ ಇಲ್ಲವೋ, ತೂರದಿದ್ದರೆ ಹಿಂದಿನ ಜೇಡಿಯಲ್ಲಿ ಎಷ್ಟು ಆಳದ ಗುಳಿ ಬಿತ್ತು, ಇದೇ ಲೆಕ್ಕ. ಗುಂಡು ಹಾರಿಸುವವನು ಬೇರೆ. ಇವರು ಆ ಹೊತ್ತಿಗೆ ಬೆನ್ನು ತಿರುಗಿಸಿ, ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚುತ್ತಿದ್ದರಂತೆ. ಪಟಾಕಿಗೂ ಹೆದರುವ ಮನುಷ್ಯ. ಆಮೇಲೆ ಓಡಿಹೋಗಿ ಗುಳಿಗೆ ಬೆರಳಿಡುತ್ತಿದ್ದರು.

"ಇದರಾಗೆ ಒಂದು ಶನಿ ಐತೆ ತಂಗಿ," ಎನ್ನುತ್ತಿದ್ದರು. "ಪರೀಕ್ಷೆ ಮಾಡಿದ್ದನ್ನ ತೊಡಂಗಿಲ್ಲ, ತೊಡೋದನ್ನ ಪರೀಕ್ಷೆ ಮಾಡಂಗಿಲ್ಲ. ಬೆಂಕಿಕಡ್ಡಿ ಹಂಗೆ. ಚಲೋ ಐತೋ ಇಲ್ಲೋ ಅಂತ ಗೀರಿ ನೋಡಿದೆ ಅಂದ್ರೆ, ಹೋತು."

"ಮತ್ತೆ ಉಳಿದದ್ದು ಹೇಗೆ ಗೊತ್ತಾಗುತ್ತೆ ಸಾರ್?"

"ಅನ್ನ ಬೆಂದದೋ ಇಲ್ಲೋ ಹೆಂಗೆ ನೋಡ್ತಿ? ಒಂದು ಅಗುಳು ಹಿಚುಕ್ತಿ. ಗಿರಣಿಯಾಗೂ ಹಂಗೇ. ಒಂದು ತುಂಡು ಹರಿದು ನೋಡಿದ್ರೆ ಇಡೀ ಬೇಲು, ಆ ಮೂಟೆಯಷ್ಟೂ, ಗೊತ್ತಾತು."

ಇಷ್ಟಾದರೂ ಅವರ ರಿಪೋರ್ಟಿನಲ್ಲಿ 'ಸೇಫ್' ಎಂಬ ಪದಕ್ಕೆ ಜಾಗವಿರಲಿಲ್ಲ. ಒಮ್ಮೆ ನಾನೇ ಜಾಣತನ ತೋರಿಸಿ ಕೊನೆಯಲ್ಲಿ ಆ ಪದ ಸೇರಿಸಿದ್ದೆ. ಹಾಳೆಯನ್ನು ಮೆಷಿನ್‌ನಿಂದ ಎಳೆದು ಹರಿದರು. "ನಾವು ಹೊಡೆದ ಗುಂಡು ತೂರಲಿಲ್ಲ, ಅಷ್ಟು ಬರಿ. ಸೇಫ್ ಅನ್ನೋಕೆ ನಾವು ದೇವರಲ್ಲ." ಆ ದಿನ ನನಗೆ ಅಳು ಬಂದಿತ್ತು.

ಒಂದು ವರ್ಷ ಪ್ಯಾರಮಟ್ಟಾದ ವ್ಯಾಪಾರಿಯೊಬ್ಬ ಮಿಲಿಟರಿ ಸರ್ಪ್ಲಸ್ ಮಾಲು ತರಿಸಿದ. ಯಾವುದೋ ದೇಶದ ಸೈನ್ಯ ಬೇಡವೆಂದು ಹರಾಜು ಹಾಕಿದ್ದು. ಬೂಟು, ಡೇರೆ, ನೀರಿನ ಬಾಟಲಿಗಳ ಜೊತೆ ಒಂದು ಬೇಲಿನಲ್ಲಿ ನಲವತ್ತು ಜಾಕೆಟ್. ಸೈನ್ಯದ ಹಳೇ ಜಾಕೆಟ್‌ಗಳಲ್ಲಿ ಹೆಚ್ಚಿನವು ಬಾಂಬಿನ ಚೂರು ತಡೆಯುವುದಕ್ಕೆ ಮಾಡಿದವು, ಪಿಸ್ತೂಲಿನ ಗುಂಡಿಗಲ್ಲ. ಅಂಥವನ್ನು ಇವರು ನೋಡಿದ ಕೂಡಲೇ ಪಕ್ಕಕ್ಕೆ ಎಸೆಯುತ್ತಿದ್ದರು. ಈ ನಲವತ್ತು ಹಾಗಲ್ಲ, ಪಿಸ್ತೂಲಿಗೂ ಆಗುತ್ತದೆಂದು ಲೇಬಲ್ ಇತ್ತು. ಹೊಲಿಗೆ ಹೊಸದು, ಕವರ್ ಹೊಸದು, ಎಲ್ಲದಕ್ಕೂ ಒಂದೇ ಲೇಬಲ್. ಇವರು ಸಿಡ್ನಿಗೆ ಹೋಗಿ ಒಂದೊಂದರ ಎಡ ಕಂಕುಳಲ್ಲೂ ಮಾರ್ಕರ್ ಪೆನ್ನಿನಿಂದ ಒಂದರಿಂದ ನಲವತ್ತರವರೆಗೆ ನಂಬರ್ ಬರೆದರು. ಮೇಲಿನಿಂದ ಮೂರನ್ನು ತೆಗೆದು ಗುಂಡು ಹಾರಿಸಿದರು. ಮೂರೂ ತಡೆದವು. ಬಿಚ್ಚಿ ನೋಡಿದರೆ ಒಳಗಿನ ನೂಲು ಹೊಸ ಅರಿಶಿನ. ರಿಪೋರ್ಟನ್ನು ನಾನೇ ಟೈಪ್ ಮಾಡಿದೆ. ಉಳಿದ ಮೂವತ್ತೇಳು ಮಾರಾಟಕ್ಕೆ ಹೋದವು.

ನಾನು ಕ್ಲೇಟನ್‌ನಲ್ಲಿ ಟೈಪ್ ಮಾಡಿದ ಕೊನೆಯ ರಿಪೋರ್ಟ್‌ಗಳಲ್ಲಿ ಅದೂ ಒಂದು. ಗಂಡನ ಓದು ಮುಗಿದಿತ್ತು, ಕೆಲಸವಿರಲಿಲ್ಲ. ಆಗ ದೇಶದಲ್ಲೇ ಕೆಲಸವಿರಲಿಲ್ಲ. ನನಗೆ ಸಿಡ್ನಿಯ ವೆಸ್ಟ್‌ಮೀಡ್‌ನ ಒಂದು ಕ್ಲಿನಿಕ್ಕಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿ, ಸ್ಟೇಷನ್ ಪಕ್ಕದ ಫ್ಲ್ಯಾಟ್‌ಗೆ ಬಂದೆವು. ಗಂಡ ಇಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕುತ್ತಾ ಹಾಕುತ್ತಾ ಕೊನೆಗೆ ದುಡ್ಡು ಸಾಗಿಸುವ ವ್ಯಾನಿನ ಗಾರ್ಡ್ ಆದ. ಜಾಕೆಟ್ ಬೇಕಾದರೆ ನೀವೇ ಕೊಂಡುಕೊಳ್ಳಿ ಎಂದರಂತೆ. ಅವನು ನಕ್ಕು ಸುಮ್ಮನಾದ. ನನಗೆ ನಗು ಬರಲಿಲ್ಲ. ಕ್ಲೇಟನ್‌ಗೆ ಫೋನ್ ಮಾಡಿ, "ಸಾರ್, ಆ ಬೇಲಿನಿಂದ ಒಂದನ್ನು ನೀವೇ ಆರಿಸಿ ಕೊಡಿ" ಎಂದೆ.

ಬಂದರು. ವ್ಯಾಪಾರಿಯ ಗೋದಾಮಿನಲ್ಲಿ ಅರ್ಧ ದಿನ ಕಳೆದು ಒಂಬತ್ತನೇ ನಂಬರಿನದನ್ನು ಹಿಡಿದು ಮನೆಗೆ ಬಂದರು. ಮಡಿಕೆ, ಹೊಲಿಗೆ, ಅಂಚು ಎಲ್ಲ ನೋಡಿದ್ದರು. ಬಿಚ್ಚಿ ನೋಡಿರಲಿಲ್ಲ, ಬಿಚ್ಚಿದರೆ ಮುಗಿಯಿತಲ್ಲ. "ಬಿಸಿಲಿಗೆ ಹಾಕಬ್ಯಾಡ್ರಿ, ಒಗೀಬ್ಯಾಡ್ರಿ. ಬಿಸಿಲು ಇದಕ್ಕೆ ಗೆದ್ದಲಿದ್ದಂಗೆ" ಎಂದರು.

"ಸೇಫಾ ಸಾರ್?"

"ಬೇಲಿನಾಗೆ ಮೂರು ಹೊಡೆದೀವಿ, ತೂರಿಲ್ಲ."

"ಅದನ್ನ ನಾನೇ ಟೈಪ್ ಮಾಡಿದ್ದೀನಿ. ಇದು ಸೇಫಾ?"

ಕಿಟಕಿಗೆ ಹೋದರು, ಬಾಗಿಲಿಗೆ ಬಂದರು. ನಾನು ಬಿಡಲಿಲ್ಲ. "ಇದನ್ನ ತೊಡೋದು ನನ್ನ ಗಂಡ ಸಾರ್. ಒಂದು ಮಾತು ಹೇಳಿ." ಮತ್ತೊಮ್ಮೆ ಕಿಟಕಿಗೆ ಹೋಗಿ ಅಲ್ಲಿಂದಲೇ, ನನ್ನ ಮುಖ ನೋಡದೆ, "ಸೇಫ್ ತಂಗಿ" ಎಂದರು. ಆ ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಾಲ್ಕು ತಿಂಗಳ ನಂತರ ಮೈಸೂರಿನಿಂದ ನಮ್ಮತ್ತೆ ಬಂದರು. ಜಾಕೆಟ್ಟಿನ ಮೇಲೆ ಮೊದಲ ದಿನದಿಂದಲೇ ಅವರಿಗೆ ಕಣ್ಣು. ಅದು ಹೊಸದಲ್ಲ, ಯಾವುದೋ ಸೈನ್ಯದ್ದು ಎಂದು ಮಗ ಬಾಯಿ ತಪ್ಪಿ ಹೇಳಿಬಿಟ್ಟಿದ್ದ.

"ಯಾರ ಮೈಮೇಲಿತ್ತೋ ಏನೋ. ಇದ್ದಾರೋ ಇಲ್ವೋ ಅವರು! ಒಂದು ನೀರಿಗೂ ಹಾಕದೆ ದಿನಾ ಮೈಗಂಟಿಸಿಕೊಂಡು ಹೋಗ್ತಾನೆ. ನೀನಾದ್ರೂ ಹೇಳಬಾರ್ದೇನೇ?"

"ತೊಳೀಬಾರದಂತೆ ಅತ್ತೆ."

"ತೊಳೀಬಾರದ ಬಟ್ಟೆ ಯಾವುದಿದೆಯೇ ಲೋಕದಲ್ಲಿ?"

ನಾನು ಮಾತು ಬೆಳೆಸಲಿಲ್ಲ. ಗಂಡನಿಗೆ ರಜೆಯಿದ್ದ ಒಂದು ದಿನ, ಅವನು ಲೈಬ್ರರಿಗೆ ಹೋಗಿದ್ದಾಗ, ಅತ್ತೆ ಬ್ಲೇಡ್ ಹಿಡಿದು ಕೂತರು. ಅವರು ಮನೆಯಲ್ಲೇ ಮೆಷಿನ್ ಇಟ್ಟು ಹೊಲಿಯುತ್ತಿದ್ದವರು. ಹೊಲಿಗೆ ಬಿಚ್ಚುವುದು ಅವರಿಗೆ ಬಟಾಣಿ ಸುಲಿದಂತೆ. ನಾನು ಕೆಲಸ ಮುಗಿಸಿ ಬಂದಾಗ ಫ್ಲ್ಯಾಟಿನ ಹಿತ್ತಲ ಒಣಹಾಕುವ ತಂತಿಯ ಮೇಲೆ, ಅತ್ತೆಯ ಸೀರೆ ಮತ್ತು ಗಂಡನ ಬನಿಯನ್ನಿನ ನಡುವೆ, ಇಲ್ಲಿ ಬೇಸಿಗೆಯಾದ ಜನವರಿಯ ಸುಡು ಬಿಸಿಲಿನಲ್ಲಿ ಜಾಕೆಟ್ಟಿನ ಒಳಪದರಗಳು ನೀರು ತೊಟ್ಟಿಕ್ಕುತ್ತಾ ನೇತಾಡುತ್ತಿದ್ದವು.

ನಾನು ಕಿರುಚಿದ್ದು ಪಕ್ಕದ ಕಟ್ಟಡಕ್ಕೂ ಕೇಳಿಸಿರಬೇಕು. ಅತ್ತೆಗೆ ಏನೇನೋ ಅಂದೆ. ಅವರು ಉತ್ತರ ಕೊಡದೆ ಒಳಪದರದ ಅಂಚನ್ನು ನನ್ನ ಕಣ್ಣ ಮುಂದೆ ಹಿಡಿದರು.

"ಬೈಯೋದು ಆಮೇಲೆ ಬೈಯಿ. ಇಲ್ಲಿ ನೋಡು. ಸೂಜಿ ತೂತು ಎರಡು ಸಾಲಿದೆ. ಒಂದು ಸಾಲಲ್ಲಿ ನಾನು ಬಿಚ್ಚಿದ ದಾರ ಇತ್ತು. ಇನ್ನೊಂದು ಖಾಲಿ. ಒಂದ್ಸಲ ಹೊಲಿದು, ಬಿಚ್ಚಿ, ಮತ್ತೆ ಹೊಲಿದಿದ್ದಾರೆ. ನಡುವೆ ಈ ಕಲೆ ನೋಡು, ಉಜ್ಜಿ ಉಜ್ಜಿ ಕೈ ಸೋತೋಯ್ತು. ಇದು ನಿನ್ನೆ ಮೊನ್ನೇದಲ್ಲ. ಗವಸು ಹೊಸದು ಕಣೇ, ದಿಂಬು ಹಳೇದು."

ನೂಲು ಅರಿಶಿನ ಬಣ್ಣದಲ್ಲಿರಲಿಲ್ಲ. ಹಳೇ ಚಹಾ ಸೋಸುವ ಬಟ್ಟೆಯಂತೆ ಕಂದಾಗಿತ್ತು. ನಾಲ್ಕು ತಿಂಗಳು ಅವನು ಇದನ್ನೇ ನಂಬಿ ಹೋಗಿದ್ದ, ನಾನು ಇದನ್ನೇ ನಂಬಿ ನಿದ್ದೆ ಮಾಡಿದ್ದೆ.

ಕ್ಲೇಟನ್‌ಗೆ ಫೋನ್ ಮಾಡಿದೆ. ಒಗೆದದ್ದು ಕೇಳಿ ಮೊದಲು ಅವರು ರೇಗಿದರು. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು: ಎರಡು ಸಾಲು ತೂತು, ಕಲೆ, ಗವಸು, ದಿಂಬು. "ಲೈನ್ ಹೋಯ್ತೇನೋ" ಎಂದು ಅತ್ತೆ ಫೋನ್ ಅಲ್ಲಾಡಿಸಿದರು. ಲೈನ್ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರು ಮೆಲ್ಬರ್ನ್‌ನ ರಾತ್ರಿ ಬಸ್ಸಿಳಿದು ಬಾಗಿಲಿಗೆ ಬಂದರು. ಮುಖ ತೊಳೆಯಲಿಲ್ಲ, ಕಾಫಿ ಮುಟ್ಟಲಿಲ್ಲ. ಪದರಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಮೊದಲು ಗೋದಾಮಿಗೆ, ಅಲ್ಲಿಂದ ಸಿಡ್ನಿಯದೇ ಒಂದು ರೇಂಜ್‌ಗೆ ಹೋದರು. ಗಂಡನನ್ನು ನಾನು ಕೆಲಸಕ್ಕೆ ಕಳಿಸಿರಲಿಲ್ಲ. ಮೂವರೂ ಮನೆಯಲ್ಲಿ ಕಾಯುತ್ತಿದ್ದೆವು. ಅತ್ತೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದರು, ಮತ್ತೆ ಹಾಕಿದರು. ಮಧ್ಯಾಹ್ನ ಅವರು ರೇಂಜ್‌ನಿಂದ ವಾಪಸಾದರು, ಅದೇ ಬೆಡ್‌ಶೀಟ್ ಗಂಟಿನೊಂದಿಗೆ.

"ನಾಲ್ಕು ಹೊಡೆಸಿದೆ. ಎರಡು ತೂರಿದುವು" ಎಂದರು.

ಅತ್ತೆ ಬೆಡ್‌ಶೀಟಿನ ಗಂಟು ಬಿಚ್ಚಿದರು. "ನಾನು ತೊಳೆದದ್ದಕ್ಕೇ ಹಾಳಾಯ್ತೇನಪ್ಪಾ?"

ನನ್ನ ಗಂಡ ಒಳ್ಳೆಯವನು. ಅವರಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಲು ಹೋದ. "ಸಾರ್, ಒಗೆದು ಬಿಸಿಲಿಗೆ ಹಾಕಿದ್ದರಿಂದ ಅಂತಲೇ ಬರೆಯಬಹುದಲ್ಲ. ಯಾರೂ ನಿಮ್ಮನ್ನ ಕೇಳಲ್ಲ." ಗೋದಾಮಿನ ವ್ಯಾಪಾರಿಯೂ ಬೆಳಿಗ್ಗೆ ಅದನ್ನೇ ಹೇಳಿದ್ದನಂತೆ: ಒಬ್ಬ ಮುದುಕಿ ಸೋಪಿನಲ್ಲಿ ಒಗೆದರೆ ನಾನೇನು ಮಾಡಲಿ, ನೀನೇನು ಮಾಡುತ್ತೀಯ.

ಅವರು ಕೂತರು. ಅವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ನೆಲದ ಮೇಲೆ, ಅತ್ತೆಯ ಕುರ್ಚಿಯ ಮುಂದೆ.

"ಒಂದು ದಿನದ ಬಿಸಿಲಿಗೆ ಅದು ಹಿಂಗೆ ಸಾಯಂಗಿಲ್ಲಮ್ಮಾ. ನಾನು ಆರಿಸಿದಾಗಲೇ ಸತ್ತಿತ್ತು. ಯಾರೋ ಹಳೇದಕ್ಕೆ ಹೊಸ ಕವರ್ ಹೊಲಿದು, ಚಲೋವು ಒಂದಿಷ್ಟು ಮೇಲಿಟ್ಟು ಕಳಿಸ್ಯಾರ. ನಾನು ಮೇಲಿನ ಮೂರು ಅಗುಳು ಹಿಚುಕಿದೆ. ಇದು ಒಂದೇ ಗಡಿಗೆ ಅನ್ನ ಆಗಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಸೇಫ್ ಅಂತ ಸುಳ್ಳು ಹೇಳಿದೆ ತಂಗಿ" ಎಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು. ಅತ್ತೆ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಸುಳ್ಳು ಹೇಳಿಸಿದವಳು ನಾನಲ್ಲವೆ?

ಸಂತೆಯಲ್ಲಿ ಟೊಮೆಟೊ ಕೊಳ್ಳುವ ಯಾವ ಹೆಂಗಸಾದರೂ ಬುಟ್ಟಿಯ ತಳಕ್ಕೆ ಕೈ ಹಾಕುತ್ತಾಳೆ. ಇಷ್ಟು ಓದಿದ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಗಿರಣಿಯ ಬೇಲಿನಲ್ಲಿ ಮೋಸವಿರುತ್ತಿರಲಿಲ್ಲ ಎಂಬ ನಂಬಿಕೆಯನ್ನು ಅವರು ಸೂಟ್‌ಕೇಸಿನಲ್ಲೇ ತಂದಿದ್ದರು. ಅಷ್ಟು ಸಿಟ್ಟು ನನಗೆ ಇಂದಿಗೂ ಇದೆ.

ಆ ಸಂಜೆಯೇ ಮನೆಯಲ್ಲಿದ್ದ ನನ್ನ ಟೈಪ್‌ರೈಟರ್ ಮೇಲೆ ಹೊಸ ಕಾಗದ ಟೈಪ್ ಮಾಡಿಸಿದರು. ಹಳೆಯ ರಿಪೋರ್ಟ್ ವಾಪಸ್ ಪಡೆದಿದ್ದೇನೆ, ತಪ್ಪು ನನ್ನದು, ಎಂದು. ಒಗೆದ ಸುದ್ದಿ ಅದರಲ್ಲಿ ಒಂದು ಸಾಲೂ ಇರಲಿಲ್ಲ. "ಅದನ್ನೂ ಬರೆಯೋಣ ಸಾರ್, ಆದದ್ದು ತಾನೇ" ಎಂದೆ. "ಬರೆದ್ರೆ ಓದೋರು ಅದೊಂದನ್ನೇ ಓದ್ತಾರೆ" ಎಂದರು.

ಅವರ ಲ್ಯಾಬಿನವರಿಗೆ ಇದು ಹಿಡಿಸಲಿಲ್ಲ. ಜಾಕೆಟ್ ಕೆಲಸದಿಂದ ತೆಗೆದು ಕಾರ್ಪೆಟ್ ಸವೆತ ನೋಡಲು ಹಾಕಿದರು. ಅವರು ರಜೆಯ ಮೇಲೆ ರಜೆ ಹಾಕಿ, ವ್ಯಾಪಾರಿಯಿಂದ ಕೊಂಡವರ ಪಟ್ಟಿ ಕಿತ್ತುಕೊಂಡು, ಮಾರಿಹೋದ ಮೂವತ್ತಾರರ ಬೆನ್ನು ಹತ್ತಿದರು. ಸಿಡ್ನಿಯಲ್ಲಿ ಅರ್ಧ, ಮೆಲ್ಬರ್ನ್‌ನಲ್ಲಿ ಅರ್ಧ: ಟ್ಯಾಕ್ಸಿಯವರು, ಒಡವೆ ಅಂಗಡಿಯವರು, ಪೆಟ್ರೋಲ್ ಬಂಕಿನವರು, ಗಾರ್ಡ್‌ಗಳು. ಕೆಲವರು ಥ್ಯಾಂಕ್ಸ್ ಹೇಳಿ ಕೊಟ್ಟರು. ಒಬ್ಬ ನಾಯಿ ಬಿಟ್ಟ. ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡಿದರು. ಕೆಲವು ನಿಜಕ್ಕೂ ಹೊಸವು, ಕೆಲವು ನಮ್ಮದರಂತೆ. ಸಿಡ್ನಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ನಿಂತುಕೊಂಡೇ ಉಂಡು, ಅತ್ತೆಯ ಕೈಯಲ್ಲಿ ಹೊಲಿಗೆ ಬಿಚ್ಚಿಸುತ್ತಿದ್ದರು. ಅತ್ತೆ ಊರಿಗೆ ಹೋಗುವ ಹೊತ್ತಿಗೆ ಅವರಿಬ್ಬರದೂ ಒಂದು ಸಣ್ಣ ಕಾರ್ಖಾನೆಯೇ ಆಗಿತ್ತು.

ಮೂವತ್ತೈದು ಸಿಕ್ಕವು. ಹದಿನೇಳನೇ ನಂಬರ್ ಸಿಗಲಿಲ್ಲ. ಯಾರೋ ಹೆಸರು ಹೇಳದೆ ಕೊಂಡು ಹೋಗಿದ್ದ, ಗಾರ್ಡ್ ಇದ್ದ ಹಾಗೆ ಕಾಣುತ್ತಿದ್ದ ಎಂದು ವ್ಯಾಪಾರಿ ಹೇಳಿದ್ದ, ಅಷ್ಟೆ.

ಆಮೇಲೆ ಶುರುವಾಯಿತು ಆ ಕಾಯಿಲೆ. ಬ್ಯಾಂಕಿನ ಮುಂದೆ, ಸ್ಟೇಷನ್ನಿನಲ್ಲಿ, ಮಾಲ್‌ನಲ್ಲಿ, ಎಲ್ಲಿ ಗಾರ್ಡ್ ಕಂಡರೂ ಹೋಗಿ ಕೇಳುವುದು. ಎರಡು ಸಲ ಪೊಲೀಸರು ಕೂರಿಸಿಕೊಂಡಿದ್ದರು. ಅವರ ಹೆಂಡತಿ ಅವರ ಜೊತೆ ಪೇಟೆಗೆ ಹೋಗುವುದನ್ನೇ ಬಿಟ್ಟರು. ಪ್ಯಾರಮಟ್ಟಾದಲ್ಲಿ ನನ್ನ ಮಾನ ಕಳೆದ ದಿನ ಮನೆಗೆ ಬಂದು ನಾನೂ ಜಗಳವಾಡಿದೆ. ಅಷ್ಟರಲ್ಲಿ ಗಂಡನಿಗೆ ಇಂಜಿನಿಯರ್ ಕೆಲಸ ಸಿಕ್ಕಿತ್ತು, ನಮ್ಮ ಭಯ ಮುಗಿದಿತ್ತು. ಭಯ ಮುಗಿದವರಿಗೆ ಬುದ್ಧಿ ಹೇಳುವುದು ಸುಲಭ.

"ಹದಿನೇಳು ಒಳ್ಳೆಯದೇ ಇರಬಹುದಲ್ಲ ಸಾರ್. ಅವನು ಅದನ್ನ ಎಸೆದೂ ಇರಬಹುದು."

"ಇರಬಹುದು," ಎಂದರು, ನಮ್ಮ ಪರದೆಯ ಅಂಚು ಉಜ್ಜುತ್ತಾ. "ಇರಬಹುದು ಅಂತ ರಿಪೋರ್ಟ್ ಬರೆಯೋಕೆ ಬರಂಗಿಲ್ಲ ತಂಗಿ. ಅವನ ಮನೆಯಾಗೂ ಒಬ್ಬಾಕಿ, ಸೇಫ್ ಐತೆ ಅಂತ ನಿದ್ದಿ ಮಾಡ್ತಿರ್ತಾಳ."

ನಾನು ಮತ್ತೆ ಜಗಳವಾಡಲಿಲ್ಲ.

ಅವರ ಮಗಳು ಮೆಲ್ಬರ್ನ್‌ನಿಂದ ಫೋನ್ ಮಾಡಿದ್ದಳು. ಕನ್ನಡ ಅರ್ಥವಾಗುತ್ತದೆ, ಆಡುವುದು ಇಂಗ್ಲಿಷ್. "ಆಂಟಿ, ಡ್ಯಾಡ್‌ನ ವಾಲೆಟ್ಟಿನಲ್ಲಿ ಒಂದು ಚೀಟಿಯಿತ್ತು. ಬರೀ ಹದಿನೇಳು ಅಂತ ಬರೆದಿದೆ. ಬ್ಯಾಂಕ್ ಲಾಕರ್ ಏನಾದ್ರೂ ಇರಬಹುದಾ?" ಲಾಕರ್ ಅಲ್ಲಮ್ಮಾ ಎಂದು ಇಡೀ ಕಥೆ ಹೇಳಿದೆ. ಅವಳು, "ಡ್ಯಾಡ್‌ಗೆ ಹುಚ್ಚು ಹಿಡಿದಿದೆ ಅಂತ ಮಾಮ್ ಅಂದುಕೊಂಡಿದ್ರು" ಎಂದು ಅತ್ತಳು.

ಮೊನ್ನೆ ಸೋಮವಾರ ಪ್ಯಾರಮಟ್ಟಾಗೆ ಹೋಗಿದ್ದೆ. ಅದೇ ಬೀದಿ, ಅದೇ ಬ್ಯಾಂಕು. ಗಾರ್ಡ್ ಒಬ್ಬ ಚೀಲ ಹಿಡಿದು ಹೊರಗೆ ಬಂದ. ನನ್ನ ಗಂಡ ಆ ಕೆಲಸಕ್ಕೆ ಸೇರಿದಾಗ ಇದ್ದಷ್ಟೇ ವಯಸ್ಸು. ನಾನು ಬಸ್ಸಿಗೆ ಹೊರಟವಳು. ಆದರೂ ಹೋಗಿ ಅವನ ಮುಂದೆ ನಿಂತೆ. ಐವತ್ತರ ಹತ್ತಿರದ, ಸೀರೆಯುಟ್ಟ ಹೆಂಗಸನ್ನು ಕಂಡು ಅವನು ಪಿಸ್ತೂಲಿಗೆ ಕೈ ಹಾಕಲಿಲ್ಲ.

"ನಿಮ್ಮ ಜಾಕೆಟ್ಟಿನ ಒಳಗೆ, ಎಡ ಕಂಕುಳ ಹತ್ತಿರ, ಒಂದು ನಂಬರ್ ಇದೆಯಾ?"

ಅವನು ನಕ್ಕು, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ಅಂಗಿಯ ಗುಂಡಿ ಬಿಚ್ಚಿ ಇಣುಕಿದ. "ನಂಬರ್ ಏನೂ ಇಲ್ಲ ಮೇಡಂ. ಹೊಸದು ಇದು. ಯಾಕೆ?"

ಥ್ಯಾಂಕ್ಸ್ ಹೇಳಿದೆ. ವ್ಯಾನಿನಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಬ್ಬ ಕೂತಿದ್ದ. ಅವನ ಕಿಟಕಿಯನ್ನೂ ತಟ್ಟಿದೆ.